ಶರೀಫಾಬೀಯ ಳಕಾರ

ಶರೀಫಾಬೀ ಮೊದಲ ಸಲ ಮೈಕು ಹಿಡಿದ ದಿನ ನಕ್ಕವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡ ಮೇಲೆ ಊರಿನವರು ಆಡುವ ಮಾತು ಕೇಳಿದರೆ, ಆ ದಿನ ಯಾರೂ ನಕ್ಕೇ ಇರಲಿಲ್ಲವೇನೋ ಅನ್ನಿಸುತ್ತದೆ. ನಕ್ಕಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾನಂತೂ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನಕ್ಕಿದ್ದೆ.

ನಮ್ಮೂರು ಕೆಂಭಾವಿಗೆ ಹತ್ತಿರ. ಸುರಪುರದ ಕಡೆಯಿಂದ ಬರುವ ಬಸ್ಸು ಕೆನಾಲಿನ ಸೇತುವೆ ದಾಟಿದ ಮೇಲೆ ಕೈ ಮಾಡಿದರೆ ನಿಲ್ಲುತ್ತದೆ, ಡ್ರೈವರನಿಗೆ ಮನಸ್ಸಿದ್ದರೆ. ಈ ಊರಲ್ಲಿ ನಾನು ನಲವತ್ತು ವರ್ಷ ನಾಟಕದ ಮಾಸ್ತರನಾಗಿದ್ದೆ. ಸಂಗಮನಾಥ ಮಾಸ್ತರ ಅಂದರೆ ಶಹಾಪುರ, ಯಾದಗಿರಿ, ಆ ಕಡೆ ಗುರುಮಠಕಲ್ಲಿನವರೆಗೂ ಜನ ಗುರುತಿಸುತ್ತಿದ್ದರು. ಹಾರ್ಮೋನಿಯಂ ಪೇಟಿ ಬಾರಿಸುವುದು, ಹಾಡು ಕೂಡಿಸುವುದು ಎಲ್ಲ ಇತ್ತು, ಆದರೆ ನನ್ನ ನಿಜವಾದ ಕಸುಬು ಮಾತು ತಿದ್ದುವುದು. ನಮ್ಮ ಕಡೆ ನಾಟಕದ ಅಭ್ಯಾಸಕ್ಕೆ ತಾಲೀಮು ಅನ್ನುತ್ತಾರೆ. ಪೈಲವಾನರು ಸಾಮು ಮಾಡುವ ಜಾಗಕ್ಕೂ ಅದೇ ಹೆಸರು. ನಾನು ಎರಡನ್ನೂ ಬೇರೆ ಎಂದು ತಿಳಿದವನೇ ಅಲ್ಲ. ನಾಲಿಗೆ, ತುಟಿ, ದವಡೆ ಎಲ್ಲ ಮಾಂಸವೇ ತಾನೆ? ತೊಡೆ ತೋಳುಗಳಿಗೆ ಸಾಮು ಮಾಡಿಸುವವರು ನಾಲಿಗೆಯನ್ನು ಮಾತ್ರ ಹಾಗೇ ಬಿಟ್ಟರೆ ಅದು ಮೈಗಳ್ಳತನ ಕಲಿಯುತ್ತದೆ.

ಹೊಸಬ ಬಂದರೆ ಎಂಟು ದಿನ ಅವನ ಕೈಗೆ ಪಾರ್ಟನ್ನೇ ಕೊಡುತ್ತಿರಲಿಲ್ಲ. ಖಡಕ್ ಜೋಳದ ರೊಟ್ಟಿಯನ್ನು ಪಲ್ಯ ಇಲ್ಲದೆ ಅಗಿಸುತ್ತಿದ್ದೆ, ದವಡೆ ಸಡಿಲಾಗಲಿ ಅಂತ. ಅಂಗೈಯಲ್ಲಿ ಚಿಟಿಕೆ ಹಿಟ್ಟು ಇಟ್ಟು, ಬಾಯಿಯ ಹತ್ತಿರ ಹಿಡಿಸಿ, ‘ಭೀಮ’ ಅನ್ನು ಅನ್ನುತ್ತಿದ್ದೆ. ಹಿಟ್ಟು ಹಾರಿದರೆ ಭೀಮ, ಹಾರದಿದ್ದರೆ ಬರೀ ಬೀಮ. ಶಾಲೆಗೆ ಸಾಲಿ ಅನ್ನುವ, ಭಾರತಕ್ಕೆ ಬಾರತ ಅನ್ನುವ ಜನ ನಾವು. ಅಂಥವರ ಬಾಯಿಂದ ಧರ್ಮರಾಯ, ಘಟೋತ್ಕಚ ಎಲ್ಲರನ್ನೂ ಹೊರಡಿಸಿದವನು ನಾನು. ಈಗ ಆ ನಾಟಕಗಳಿಲ್ಲ. ನಾವು ನಾಟಕಕ್ಕೆಂದು ಕಟ್ಟಿದ್ದ ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಗುತ್ತವೆ. ಆ ಕಡೆ ಹೋದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಆಮೇಲೆ ಬೇಜಾರಾಗುತ್ತದೆ, ಆಮೇಲೆ ಘಾಟಿಗೆ ಸೀನು ಬರುತ್ತದೆ.

ಶರೀಫಾಬೀ ನಮ್ಮೂರಿನ ಬಳೆಗಾರ್ತಿ. ಗಂಡ ಲಾಡ್ಲೇಸಾಬ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು, ಬೇಗ ಹೋಗಿಬಿಟ್ಟ. ಆಕೆ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಸಂಸಾರ ಸಾಗಿಸಿದಳು. ಮನೆಯಲ್ಲಿ ಆಡುವುದು ದಖ್ಖನಿ, ಹೊರಗೆ ಕನ್ನಡ. ಕನ್ನಡ ನೀರು ಕುಡಿದಷ್ಟು ಸಲೀಸು, ಆದರೆ ಅದರಲ್ಲಿ ಳಕಾರ ಇರಲಿಲ್ಲ. ಳ ಬರಬೇಕಾದ ಕಡೆಯೆಲ್ಲ ಲ ಬಂದು ಕೂಡುತ್ತಿತ್ತು. ನಮ್ಮ ಕಡೆ ಬಳೆಗೆ ಬಳಿ ಅನ್ನುತ್ತೇವೆ. ಆಕೆ ಮೂವತ್ತು ವರ್ಷ “ಬಲಿ ಬೇಕೇನ್ರೀ, ಬಲೀ...” ಎಂದು ಕೂಗುತ್ತ ಬಂದಳು. ಊರ ಹೆಂಗಸರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಆಕೆಯ ಮುಂದೆ ಮುಂಗೈ ಚಾಚಿ ಕೂಡುತ್ತಿದ್ದರು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನಾಲಿಗೆ ತಿದ್ದುವ ನನಗೂ ಅನ್ನಿಸಲಿಲ್ಲ.

ಐದಾರು ವರ್ಷದ ಹಿಂದೆ ಪಂಚಾಯಿತಿ ಚುನಾವಣೆಯಲ್ಲಿ ಆಕೆಯ ಓಣಿಯ ಸೀಟು ಹೆಣ್ಣುಮಕ್ಕಳಿಗೆ ಬಂತು. ಓಣಿಯವರು ಕೂತು ಮಾತಾಡಿ ಶರೀಫಾಬೀಯನ್ನೇ ನಿಲ್ಲಿಸಿದರು. ಎಲ್ಲ ಮನೆಯ ಹೆಂಗಸರ ಕೈ ಹಿಡಿದವಳು, ಗೆಲ್ಲದೆ ಇರುತ್ತಾಳೆಯೇ? ಆ ಓಣಿಗೆ ಬೇಕಾಗಿದ್ದದ್ದು ಒಂದೇ, ನೀರು. ಊರೆಲ್ಲ ಪೈಪು ಬಂದು ಅಲ್ಲಿಗೆ ಮಾತ್ರ ಬಂದಿರಲಿಲ್ಲ. ಅಲ್ಲಿನ ಹೆಂಗಸರು ಬೆಳಗಾದರೆ ರಸ್ತೆ ದಾಟಿ ಹಳ್ಳದ ಹತ್ತಿರದ ಬೋರಿಗೆ ಹೋಗಿ ಕೊಡ ಹೊತ್ತು ತರಬೇಕಾಗಿತ್ತು. ಶರೀಫಾಬೀ ಗೆದ್ದ ದಿನವೇ ನೀರು ತರಿಸುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದಳು.

ಮೊದಲ ಗ್ರಾಮಸಭೆ. ಅಧ್ಯಕ್ಷರು ಮೈಕನ್ನು ಆಕೆಯ ಕಡೆ ದಾಟಿಸಿದರು. ಆಕೆ ಎದ್ದು, ಸೆರಗು ಸರಿಮಾಡಿಕೊಂಡು, ಗಟ್ಟಿ ದನಿಯಲ್ಲಿ ಶುರು ಮಾಡಿದಳು.

“ಎಲ್ಲಾರಿಗೂ ಸಲಾಮ್ರಿ. ನಮ್ಮ ಗಲ್ಲಿ ಮಂದಿ ನಿಮ್ಮ ಮುಂದ ಬಂದು ಹೇಲಾಕ ಅಂಜ್ತಾರ. ಅದಕ್ಕ ಅವರ ಬದಲಿ ನಾನೇ ಹೇಲ್ತೀನಿ. ಕೇಲ್ರಿ.”

ಹಿಂದಿನಿಂದ ಸೂಗಪ್ಪ ಎದ್ದ. “ಇಲ್ಲಿ ಬ್ಯಾಡ್ರೀ ಬೀ, ಕೆನಾಲ್ ಕಡಿ ಹೋಗ್ರಿ!” ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಈ ಸೂಗಪ್ಪ ನನ್ನ ನಾಟಕಗಳಲ್ಲಿ ಹಾಸ್ಯದ ಪಾರ್ಟು ಮಾಡುತ್ತಿದ್ದವನು. ಯಾವ ಮಾತನ್ನು ಯಾವ ಹೊತ್ತಿಗೆ ಎತ್ತಿ ಹಾಕಿದರೆ ಜನ ನಗುತ್ತಾರೆ ಎಂದು ಅವನಿಗೆ ಕಲಿಸಿದವನು ನಾನೇ.

ಶರೀಫಾಬೀಗೆ ಮೊದಲು ತಿಳಿಯಲಿಲ್ಲ. ಮೈಕು ಕೆಟ್ಟಿದೆಯೇನೋ ಎಂದು ಅದರ ತಲೆಗೆ ಎರಡು ಸಲ ಬಡಿದಳು. ಪಕ್ಕದ ಹೆಂಗಸು ಕಿವಿಯಲ್ಲಿ ಏನೋ ಅಂದಳು. ಆಗ ಆಕೆಯ ಮುಖ ನೋಡಬೇಕಾಗಿತ್ತು. ಮೈಕನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಕೂತುಬಿಟ್ಟಳು. ನೀರಿನ ಮಾತು ಹೊರಗೆ ಬರಲೇ ಇಲ್ಲ. ಮುಂದೆ ಎಂಟು ತಿಂಗಳು ಯಾವ ಸಭೆಯಲ್ಲೂ ಆಕೆ ಬಾಯಿ ಬಿಡಲಿಲ್ಲ. ಕೈ ಎತ್ತು ಅಂದರೆ ಎತ್ತುತ್ತಿದ್ದಳು, ಸಹಿ ಮಾಡು ಅಂದಲ್ಲಿ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ನನ್ನ ಹೆಂಡತಿ ಪಾರ್ವತೆಮ್ಮನಿಗೆ ಬಳೆ ಇಡಿಸಲು ನಮ್ಮ ಮನೆಗೆ ಬಂದಳು. ನಾನು ಪೇಪರಿನ ಹಿಂದೆ ಅಡಗಿ ಕೂತಿದ್ದೆ. ಆಕೆ ಹೆಂಡತಿಯ ಕೈಬೆರಳು ಒತ್ತುತ್ತ, ತಲೆ ಎತ್ತದೆಯೇ ಅಂದಳು:

“ಮಾಸ್ತರ, ಅವತ್ತ ನೀವೂ ನಕ್ಕಿದ್ರಿ. ನಾ ನೋಡೀನಿ.”

ಸುಳ್ಳು ಹೇಳಲು ಬಾಯಿ ತೆರೆದೆ. ಪಾರ್ವತೆಮ್ಮ ನನ್ನನ್ನು ನೋಡಿದಳು. ಬಾಯಿ ಮುಚ್ಚಿದೆ.

“ಮೂವತ್ತು ವರ್ಷ ಬಲಿ ಬಲಿ ಅಂತ ಒದರೀನಿ. ಆಗ ಯಾರೂ ನಗಲಿಲ್ಲ. ಮೈಕ್ ಹಿಡದ ಕೂಡಲೆ ಯಾಕ ನಕ್ರಿ?”

ಉತ್ತರ ಗೊತ್ತಿತ್ತು, ಆದರೆ ಅದನ್ನು ಆಕೆಯ ಮುಂದೆ ಹೇಳುವಂತಿರಲಿಲ್ಲ. ನೆಲದ ಮೇಲೆ ಕೂತು ನಮ್ಮ ಹೆಂಗಸರ ಕೈ ಹಿಡಿಯುವವಳ ನಾಲಿಗೆ ಹೇಗಿದ್ದರೂ ನಮಗೆ ನಡೆಯುತ್ತಿತ್ತು. ನಮ್ಮ ಸರಿಸಮ ಕುರ್ಚಿ ಹಾಕಿಕೊಂಡು ಕೂತಾಗ ಮಾತ್ರ ಆ ನಾಲಿಗೆಯ ಸೊಟ್ಟ ನಮ್ಮ ಕಣ್ಣಿಗೆ ಬಿತ್ತು.

“ನಕ್ಕಿದ್ದಕ್ಕ ದಂಡ ಅಂತ ತಿಲ್ಕೋರಿ. ನಂಗ ಕಲಿಸ್ರಿ,” ಅಂದಳು ಶರೀಫಾಬೀ. “ಮುಂದಿನ ಗ್ರಾಮಸಭಾದಾಗ ನಾ ನೀರು ಕೇಲಬೇಕು. ನಗಿಸಿಕೊಂಡು ಅಲ್ಲ.”

ಮರುದಿನದಿಂದ ತಾಲೀಮು ಶುರುವಾಯಿತು. ಬೆಳಗಿನ ನಮಾಜು ಮುಗಿಸಿ, ಬುಟ್ಟಿ ಹೊತ್ತು ತಿರುಗಲು ಹೋಗುವ ಮುಂಚೆ ಆಕೆ ನಮ್ಮ ಪಡಸಾಲೆಗೆ ಬರುತ್ತಿದ್ದಳು. ಮೊದಲ ದಿನವೇ ದೊಡ್ಡ ತೊಡಕು. ನಾಲಿಗೆ ಹೊರಗೆ ಚಾಚಿ ಮೂಗಿನ ಕಡೆ ಎತ್ತು, ಗದ್ದದ ಕಡೆ ಇಳಿಸು ಅಂದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಐವತ್ತೈದು ದಾಟಿದ, ಮೊಮ್ಮಕ್ಕಳನ್ನು ಕಂಡ ಹೆಂಗಸು ಪರಗಂಡಸಿನ ಮುಂದೆ ನಾಲಿಗೆ ಚಾಚುವುದು ಹೇಗೆ? ನನಗೆ ಇದು ಹೊಳೆದೇ ಇರಲಿಲ್ಲ. ನನ್ನ ನಾಟಕಗಳಲ್ಲಿ ಹೆಣ್ಣಿನ ಪಾರ್ಟನ್ನೂ ಗಂಡಸರೇ ಮಾಡುತ್ತಿದ್ದರು.

ಪಾರ್ವತೆಮ್ಮ ಒಂದು ದಾರಿ ಹುಡುಕಿದಳು. “ನೀವು ಗ್ವಾಡಿ ಕಡಿ ಮಕ ಮಾಡಿ ಕುಂದರ್ರಿ,” ಅಂದಳು. ಹಾಗೆ ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಕಲಿಸಿದೆ. ನನ್ನ ಬೆನ್ನ ಹಿಂದೆ ಶರೀಫಾಬೀಯ ನಾಲಿಗೆ ಕಸರತ್ತು ಮಾಡುತ್ತಿತ್ತು, ಪಾರ್ವತೆಮ್ಮ ಅದನ್ನು ನೋಡಿ ನನಗೆ ವರದಿ ಒಪ್ಪಿಸುತ್ತಿದ್ದಳು. “ತುದಿ ಮ್ಯಾಲ ಹೋಗ್ಯಾದ್ರಿ.” “ಇಲ್ಲ, ಹಲ್ಲಿಗೆ ಬಡೀತು.” “ಈಗ ನಡುಕ ಬಂದದ, ಸ್ವಲ್ಪ ಬಿಡ್ರಿ, ಪಾಪ.” ಜೀವಮಾನವೆಲ್ಲ ಬಾಯಿ ನೋಡಿ ತಿದ್ದಿದವನು ಬರೀ ಕಿವಿಯಿಂದ ತಿದ್ದಬೇಕಾಯಿತು. ಆ ಮೂರು ತಿಂಗಳಲ್ಲಿ ನನ್ನ ಕಿವಿಗೆ ಬಂದ ಸೂಕ್ಷ್ಮ ನಲವತ್ತು ವರ್ಷದಲ್ಲಿ ಬಂದಿರಲಿಲ್ಲ.

ಲ ಅನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಬುಡಕ್ಕೆ ತಾಗುತ್ತದೆ. ಳ ಅನ್ನಬೇಕಾದರೆ ಅದು ಹಿಂದಕ್ಕೆ ಮಡಚಿಕೊಂಡು ಅಂಗುಳಕ್ಕೆ ಹೋಗಬೇಕು. ಆ ಜಾಗ ಗೊತ್ತುಮಾಡಿಸಲು ಅಂಗುಳಕ್ಕೆ ಬೆಲ್ಲ ಮೆತ್ತು, ನಾಲಿಗೆಯ ತುದಿಯಿಂದ ಅದನ್ನು ನೆಕ್ಕಿ ತೆಗೆಯಲಿ ಎಂದು ಪಾರ್ವತೆಮ್ಮನಿಗೆ ಅಂದೆ. ನನ್ನ ಹಳೆಯ ಉಪಾಯ ಅದು.

“ಶುಗರ್ ಅದರಿ ನಂಗ,” ಅಂದಳು ಶರೀಫಾಬೀ.

ಬೆಲ್ಲದ ಬದಲು ಹುಣಸೆಹಣ್ಣು ಬಂತು. ಪಾರ್ವತೆಮ್ಮ ಬೆರಳಿನಿಂದ ಮೆತ್ತುವುದು, ಆಕೆ ಹುಳಿಗೆ ಕಣ್ಣು ಕಿವುಚುತ್ತ ನೆಕ್ಕುವುದು, ಇಬ್ಬರೂ ನಗುವುದು. ನಾನು ಗೋಡೆಯ ಕಡೆ ಮುಖ ಮಾಡಿ ಗದರುವುದು. ಇಪ್ಪತ್ತು ದಿನ ಹೀಗೇ ನಡೆಯಿತು. ನಾಲಿಗೆ ಅಂಗುಳ ಮುಟ್ಟುತ್ತಿತ್ತು, ಮಾತಾಡು ಅಂದ ಕೂಡಲೆ ಹಲ್ಲಿಗೇ ಓಡಿ ಬರುತ್ತಿತ್ತು. ‘ಹಳ್ಳಿ’ ಅನ್ನು ಅಂದರೆ ‘ಹಲ್ಲಿ’ ಗೋಡೆ ಏರುತ್ತಿತ್ತು. ಒಂದು ದಿನ ನನಗೆ ತಾಳ್ಮೆ ತಪ್ಪಿತು. “ನಿನ್ನ ನಾಲಗಿಗೆ ಳ ಬರೆದಿಲ್ಲವಾ, ಬಿಡು,” ಅಂದುಬಿಟ್ಟೆ.

ಆಕೆ ಎದ್ದು ಹೋಗುತ್ತಾಳೆ ಅಂದುಕೊಂಡೆ. ಬೆನ್ನ ಹಿಂದಿನಿಂದ ಮೆಲ್ಲಗೆ ಆಕೆಯ ದನಿ ಕೇಳಿತು. “ಚೂಡಿ... ಚೂಡಿ... ಚೂಡಿ...” ದಖ್ಖನಿಯಲ್ಲಿ ಬಳೆಗೆ ಚೂಡಿ ಅನ್ನುತ್ತಾರೆ. ಆ ಡಕಾರವನ್ನು ಅವರು ನಾಲಿಗೆ ಮಡಚಿ, ಅಂಗುಳಕ್ಕೆ ಸವರಿ, ಜಾರಿಸಿ ಹೇಳುತ್ತಾರೆ.

“ಮಾಸ್ತರ,” ಅಂದಳು. “ಹುಣಸಿಹಣ್ಣ ಮೆತ್ತಿದ ಜಾಗಾ ನಮ್ಮ ಚೂಡಿ ಜಾಗಾ ಅಲ್ಲೇನ್ರಿ? ನಾಲಗಿ ಅಲ್ಲಿಗೆ ದಿನಾ ಹೋಗ್ತದ.”

ನಾನು ಗಕ್ಕನೆ ಹಿಂದೆ ತಿರುಗಿದೆ. ಆಕೆ ಪಟ್ಟನೆ ಬಾಯಿ ಮುಚ್ಚಿಕೊಂಡಳು. ಮತ್ತೆ ಗೋಡೆಗೆ ತಿರುಗಿ ಅಂದೆ, “ಹೌದವಾ, ಅದೇ ಜಾಗಾ. ಚೂಡಿ ಅನ್ನಾಕ ಹೋಗು, ಆದ್ರ ಬಡೀಬ್ಯಾಡ. ಅಲ್ಲೇ ನಿಂದ್ರಸು. ನಿಂದ್ರಿಸಿ ದನಿ ಬಿಡು.”

“ಬ... ಳಿ,” ಅಂದಳು.

ಪಾರ್ವತೆಮ್ಮ ಚಪ್ಪಾಳೆ ತಟ್ಟಿದಳು. ನನ್ನ ಕಣ್ಣಲ್ಲಿ ನೀರು ಬಂತು, ಕ್ಯಾಲೆಂಡರಿನ ತಾರೀಖು ಮಂಜಾಯಿತು. ಎಂಥ ಮೂರ್ಖ ನಾನು! ಆಕೆ ಮೂವತ್ತು ವರ್ಷದಿಂದ ಹೊತ್ತು ತಿರುಗಿದ ಬುಟ್ಟಿಯ ಹೆಸರಲ್ಲೇ ನಾನು ಹುಡುಕುತ್ತಿದ್ದ ಜಾಗ ಇತ್ತು.

ಆಮೇಲೆ ಬರೀ ಬಲ ತುಂಬುವ ಕೆಲಸ. ಬಸ್ಸಿನ ಬೋರ್ಡುಗಳ ಊರಿನ ಹೆಸರು ಹೇಳಿಸಿದೆ. ಹಳಿಸಗರ ಬಂತು, ಬಳಿಚಕ್ರ ಬಂತು. ಕಾಳೆಬೆಳಗುಂದಿ ಒಂದು ವಾರ ಸತಾಯಿಸಿತು. ಆಕೆಗೆ ಧೈರ್ಯ ಬಂದಂತೆಲ್ಲ ನನ್ನನ್ನೂ ಬಿಡಲಿಲ್ಲ. ‘ನಮಾಜ್’ ಅನ್ನಿರಿ, ‘ಖುದಾ’ ಅನ್ನಿರಿ ಎಂದು ಗಂಟುಬಿದ್ದಳು. ನಾನು ಅಂದೆ. ಆಕೆ ಗಂಟಲಿನಿಂದ ಕೆರೆದು ತೆಗೆಯುವ ಖಕಾರ ನನಗೆ ಕೊನೆಗೂ ಹತ್ತಲಿಲ್ಲ.

“ನೀವು ನಾಟಕದಾಗ ಬಾದಶಹಾನ ಪಾರ್ಟ ಮಾಡ್ತಿದ್ರಲ್ಲ ಮಾಸ್ತರ, ನಮ್ಮ ಗಲ್ಲಿ ಮಂದಿ ಮನಿಗೆ ಹೋಗಿ ನಗ್ತಿದ್ರು, ಇಂವ ಎಲ್ಲಿ ಬಾದಶಹಾ ಅಂತ.”

“ಅಲ್ಲೇ ಯಾಕ ನಗಲಿಲ್ಲ?” ಅಂದೆ, ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು.

“ನಿಮಗ ಕೆಟ್ಟ ಅನಸ್ತದಲ್ರೀ,” ಅಂದಳು.

ನಾನು ಮತ್ತೊಮ್ಮೆ ‘ಖುದಾ’ ಅಂದು ನೋಡಿದೆ.

ಜಗಳ ಆದದ್ದು ಒಂದೇ ಮಾತಿಗೆ. ಆಕೆ ಕೇಳಬೇಕಾದದ್ದು ನಳ, ಅಂದರೆ ನೀರಿನ ನಲ್ಲಿ. ಆಕೆ ‘ನಲ್’ ಅನ್ನುತ್ತಿದ್ದಳು. ತಿದ್ದಿದೆ. “ಇದು ನಮ್ಮ ಮನ್ಯಾಗಿನ ಮಾತ್ರೀ,” ಅಂದಳು. “ನಾವು ನಲ್ ಅಂತೀವಿ. ನೀವು ನಾಲಗಿ ಮಡಚಿ ನಳ ಮಾಡೀರಿ. ಉಳಿದದ್ದೆಲ್ಲಾ ನಿಮ್ಮಂಗ ಅಂತೀನಿ, ಇದನ್ನ ಬಿಡ್ರಿ.” ಬಿಡಲು ನಾನು ಒಪ್ಪಲಿಲ್ಲ. ಇಡೀ ಭಾಷಣ ಆ ಒಂದು ಶಬ್ದದ ಮೇಲೆ ನಿಂತಿದೆ, ಅಲ್ಲಿಯೇ ಸೂಗಪ್ಪ ಕಾದು ಕೂತಿರುತ್ತಾನೆ ಎಂದು ಕೂಗಾಡಿದೆ. ಆಗಲಿ ಅಂದಳು. ನೂರು ಸಲ ನಳ ಅನ್ನಿಸಿದೆ, ನೂರು ಸಲವೂ ಸ್ಪಷ್ಟ ಅಂದಳು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಬುಟ್ಟಿ ತುಂಬ ಬಳೆ ಹಾಗೇ ಹೊತ್ತು ವಾಪಸು ಬಂದು, ಮುಖ ಸಣ್ಣಗೆ ಮಾಡಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತಳು. ಓಣಿಯಲ್ಲಿ “ಬಳಿ ಬೇಕೇನ್ರೀ, ಬಳೀ” ಎಂದು ಸರಿಯಾಗಿ ಕೂಗಿದ್ದಾಳೆ. ಒಬ್ಬರೂ ಹೊರಗೆ ಬಂದಿಲ್ಲ. ಯಾರೋ ಪರಊರಿನವಳು ಬಂದಿದ್ದಾಳೆ ಎಂದು ಎಲ್ಲರೂ ಬಾಗಿಲ ಒಳಗೇ ಉಳಿದಿದ್ದಾರೆ. ಮರುದಿನದಿಂದ ಬುಟ್ಟಿ ಹೊತ್ತಾಗ ಬಲಿ, ಸಭೆಯಲ್ಲಿ ಬಳಿ ಎಂದು ಠರಾವಾಯಿತು.

ಗ್ರಾಮಸಭೆಯ ದಿನ ನಾನು ಬೇಕೆಂದೇ ಹಿಂದಿನ ಸಾಲಿನಲ್ಲಿ ಕೂತೆ. ಸೂಗಪ್ಪ ನನ್ನ ಮುಂದೆಯೇ ಇದ್ದ. ಶರೀಫಾಬೀ ತಾನೇ ಮೈಕು ಕೇಳಿ ತೆಗೆದುಕೊಂಡಳು.

“ನಮ್ಮ ಗಲ್ಲಿ ಹೆಣ್ಮಕ್ಕಳು ಬೆಳಗಾದ್ರ ಹಳ್ಳದ ತನಕ ಹೋಗಿ ನೀರು ತರ್ತಾರ. ಮಳಿ ಬಂದ್ರ ಕೆಸರಿನ್ಯಾಗ ಬೀಳ್ತಾರ. ಬಸುರಿ ಹೆಣ್ಮಕ್ಕಳೂ ಕೊಡ ಹೊರ್ತಾರ. ಅವರು ನಿಮ್ಮ ಮುಂದ ಬಂದು ಹೇಳಾಕ ಅಂಜ್ತಾರ. ಅದಕ್ಕ ಅವರ ಬದಲಿ ನಾನೇ ಹೇಳ್ತೀನಿ. ಕೇಳ್ರಿ.”

ಅದೇ ಮಾತು. ಒಬ್ಬರೂ ನಗಲಿಲ್ಲ. ಎಷ್ಟೋ ಜನ ತಲೆ ತಗ್ಗಿಸಿದರು.

“ನಮ್ಮ ಗಲ್ಲಿಗೆ ನಲ್ ಬೇಕು,” ಅಂದಳು.

ನಾನು ಹಣೆ ಚಚ್ಚಿಕೊಂಡೆ. ಸೂಗಪ್ಪ ಎದ್ದೇಬಿಟ್ಟ. “ನಲ್ ಅಲ್ರೀ ಬೀ, ನಳ!”

ಎಲ್ಲೋ ಒಂದೆರಡು ನಗು ಕೇಳಿಸಿದವು. ಶರೀಫಾಬೀ ಕೂಡಲಿಲ್ಲ. ನಗು ಮುಗಿಯುವ ತನಕ ಕಾದಳು.

“ಹೇಳಾಕ ಬರ್ತದ ಸೂಗಪ್ಪಣ್ಣ. ಹಳ್ಳ, ಕೊಳ್ಳ, ಮಳಿ, ಬೆಳಿ, ಬಾಳು, ಗೋಳು. ಕಾಳೆಬೆಳಗುಂದಿ. ಕೇಳಿಸ್ತೇನು? ಆದ್ರ ನಲ್ ನಮ್ಮ ಮನಿ ಮಾತು. ನಮ್ಮ ಗಲ್ಲ್ಯಾಗ ನೀರು ಬರೋ ತನಕ ನಾ ಅದಕ್ಕ ನಲ್ ಅಂತೀನಿ. ನೀರು ಬಂದ ದಿನ ನಿಮ್ಮಂಗ ನಳ ಅಂತೀನಿ. ನಿಮಗ ನಳ ಕೇಳಬೇಕಾಗಿದ್ರ ನೀರು ತರ್ರಿ.”

ಸೂಗಪ್ಪ ನಿಂತಲ್ಲೇ ನಿಂತಿದ್ದ. ಹಾಸ್ಯದ ಪಾರ್ಟಿನವನಿಗೆ ತಿರುಗಿ ಹೇಳಲು ಮಾತು ಸಿಗದೆ ಇದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದೆ. ಠರಾವು ಪಾಸಾಯಿತು.

ಕೆಲಸ ಮಾತ್ರ ಕುಂಟುತ್ತ ಸಾಗಿತು. ಆರೇಳು ತಿಂಗಳಿಗೆ ಪೈಪು ಬಂತು, ಮನೆ ಮನೆಯ ಮುಂದೆ ನಳ ನಿಂತಿತು, ನೀರು ಬರಲಿಲ್ಲ. ಯಾರೋ ಸಿಬ್ಬಂದಿ ಬಂದು ಆಕೆಯನ್ನು ನಳದ ಪಕ್ಕ ನಿಲ್ಲಿಸಿ, ಮೊಬೈಲ್ ಹಿಡಿದು, “ನಳ ಬಂದದ ಅಂತ ಹೇಳ್ರಿ” ಅಂದರಂತೆ. “ನಲ್ ಬಂದದ. ನೀರು ಬಂದಿಲ್ಲ. ಎರಡೂ ಬರ್ಕೋರಿ,” ಅಂದಳಂತೆ. ಊರಿಗೆಲ್ಲ ಇದೊಂದು ಚಟವೇ ಆಯಿತು. ದಾರಿಯಲ್ಲಿ ಸಿಕ್ಕಾಗ ಸೂಗಪ್ಪ, “ಬೀ, ಇವತ್ತ ಏನ್ರಿ?” ಅನ್ನುತ್ತಿದ್ದ. “ಇವತ್ತೂ ನಲ್ಲೇ ಅಣ್ಣ,” ಅನ್ನುತ್ತಿದ್ದಳು. ಅವನಿಗೆ ಮುಖ ಸಣ್ಣಗಾಗುತ್ತಿತ್ತು. ಕೊನೆಗೆ ಅವನೇ ಆಕೆಯ ಜೊತೆ ಅರ್ಜಿ ಹಿಡಿದು ಸುರಪುರಕ್ಕೆ ನಾಲ್ಕು ಸಲ ತಿರುಗಿದ. ನಾನೂ ಎರಡು ಸಲ ಹೋದೆ. ನನಗೆ ಆ ಳಕಾರ ಕೇಳಬೇಕಾಗಿತ್ತು. ನನ್ನ ತಾಲೀಮಿನ ಫಲ ಆಕೆಯ ಬಾಯಿಂದ, ಎಲ್ಲರ ಮುಂದೆ, ಆ ಒಂದು ಶಬ್ದದಲ್ಲಿ ಹೊರಡಬೇಕಾಗಿತ್ತು.

ಶ್ರಾವಣದ ಒಂದು ಮುಂಜಾನೆ. ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಶರೀಫಾಬೀ ಓಡಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ತಲೆಯ ಮೇಲಿನ ಸೆರಗು ಜಾರಿತ್ತು. ಎರಡೂ ಕೈ ಮೊಣಕೈತನಕ ಒದ್ದೆ. ಪಾರ್ವತೆಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನನಗೆ ತಿಳಿಯಿತು. ಕಪ್ಪು ಕೆಳಗಿಟ್ಟು, ಕಿವಿ ನೆಟ್ಟಗೆ ಮಾಡಿ ಕೂತೆ. ಆಕೆಗೆ ಏದುಸಿರು, ಮಾತು ಹೊರಡಲು ತಡವಾಯಿತು.

“ಮಾಸ್ತರ, ನೀರು!” ಅಂದಳು. “ನೀರು ಬಂತ್ರೀ ಮಾಸ್ತರ! ಪಾರ್ವತೆಕ್ಕ, ನೀರು!”

ಅಷ್ಟೇ. ನಲ್ ಅನ್ನಲಿಲ್ಲ, ನಳವೂ ಅನ್ನಲಿಲ್ಲ. ಸಭೆಯಲ್ಲಿ ಹಾಕಿದ್ದ ಪಣ ಆಕೆಗೆ ನೆನಪೇ ಇರಲಿಲ್ಲ, ನೆನಪಿಸಲು ನನಗೂ ಬಾಯಿ ಬರಲಿಲ್ಲ. ಅಳುತ್ತಿದ್ದಳೋ ನಗುತ್ತಿದ್ದಳೋ, ಒದ್ದೆ ಕೈಯನ್ನು ನನ್ನ ಮುಂದೆಯೇ ಚಾಚಿ ತೋರಿಸುತ್ತಿದ್ದಳು. ನಲವತ್ತು ವರ್ಷ ಮಂದಿಯ ನಾಲಿಗೆ ತಿದ್ದಿದ ನನಗೆ ಆ ಮಾತಿನಲ್ಲಿ ತಿದ್ದುವಂಥದ್ದು ಏನೂ ಸಿಗಲಿಲ್ಲ. ಎದ್ದು, ಆಕೆಯ ಹಿಂದೆ ಹೊರಟೆ.